ಕೆಳಗಿನ ಸೆಟ್ಟು

ಹೋಟೆಲಿನ ಬಾಗಿಲಲ್ಲಿ ನಿಂತಿದ್ದ ಹುಡುಗಿ ನಕ್ಕು ಒಳಗೆ ಕರೆದಳು. ಆ ನಗು ಅವನಿಗೆ ಮುಟ್ಟುವ ಮೊದಲೇ ಅವನ ಕಣ್ಣು ಅವಳ ಮೇಲಿನ ಸಾಲಿನ ಎಡಗಡೆಯ ಎರಡನೇ ಹಲ್ಲಿನ ಮೇಲೆ ಹೋಗಿ ಕೂತಿತು. ಕಟ್ಟಿಸಿದ ಹಲ್ಲು. ಪಕ್ಕದ್ದಕ್ಕಿಂತ ಒಂದು ಚೂರು ಹೆಚ್ಚು ಬಿಳುಪು. ಮೂರುಸಲನ ಕೈಕೆಲಸ ಇರಬೇಕು ಎಂದುಕೊಂಡು ಒಳಗೊಳಗೇ ಮೂಗು ಮುರಿದ. ಊರಿನಲ್ಲಿ ಎಲ್ಲಿ ಕೆಟ್ಟ ಹಲ್ಲು ಕಂಡರೂ ಅದು ಮೂರುಸಲನದು, ಒಳ್ಳೆಯದು ಕಂಡರೆ ತನ್ನದು ಎಂಬ ನ್ಯಾಯವನ್ನು ಅವನು ಇಪ್ಪತ್ತು ವರ್ಷದಿಂದ ನಡೆಸಿಕೊಂಡು ಬಂದಿದ್ದ. ಇಲ್ಲಿಯವರೆಗೆ ಯಾರೂ ಮೇಲ್ಮನವಿ ಹಾಕಿರಲಿಲ್ಲ. ಹಲ್ಲಿನ ಸೆಟ್ಟು ಮಾಡುವುದು ಅವನ ಕಸುಬು. ಡಾಕ್ಟರುಗಳು ಮೆತ್ತನೆಯ ಪಾಕ ಕಚ್ಚಿಸಿ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ. ಅವನು ತನ್ನ ಕಾರ್ಖಾನೆಯಲ್ಲಿ, ಕಾರ್ಖಾನೆ ಎಂದರೆ ಹೊಲಿಗೆ ಅಂಗಡಿಯ ಮೇಲಿನ ಒಂದೂವರೆ ಕೋಣೆ, ಆ ಅಳತೆಗೆ ಪ್ಲಾಸ್ಟರ್ ಹುಯ್ದು ಅಚ್ಚು ಮಾಡಿ, ಅಚ್ಚಿನ ಮೇಲೆ ಮೇಣದಲ್ಲಿ ಹಲ್ಲು ನಿಲ್ಲಿಸಿ, ಕೊನೆಗೆ ಗುಲಾಬಿ ವಸಡಿನ ಪೂರ್ತಿ ಸೆಟ್ಟು ಮಾಡಿ ಕೊಡುತ್ತಾನೆ. ಕೆಳಗಿನ ಹೊಲಿಗೆಯವನು ಅವನನ್ನು ‘ಡಾಕ್ಟ್ರೇ’ ಎಂದು ಕರೆಯುತ್ತಾನೆ. ಒಂದು ದಿನ ತಿದ್ದಬೇಕು ಎಂದುಕೊಂಡಿದ್ದಾನೆ, ಹನ್ನೊಂದು ವರ್ಷವಾಯಿತು.

ಮೂರುಸಲ ಎಂದರೆ ಹಳೇ ಬಸ್ ನಿಲ್ದಾಣದ ಹಿಂದೆ ಇದೇ ಕೆಲಸ ಮಾಡುವ ಇನ್ನೊಬ್ಬ. ಇಬ್ಬರೂ ಒಂದು ಕಾಲದಲ್ಲಿ ಒಂದೇ ಮೇಜಿನ ಎರಡು ಕಡೆ ಕೂತು ಕೆಲಸ ಕಲಿತವರು. ಒಂದು ಸೆಟ್ಟಿಗೆ ಮೂರು ಸಲ ಜನರನ್ನು ಕರೆಸಿ, ಮೇಣದ ಹಲ್ಲನ್ನು ಅವರ ಬಾಯಲ್ಲೇ ಇಟ್ಟು ನೋಡಿ, ಕೆರೆದು, ಮತ್ತೆ ಇಟ್ಟು ನೋಡುವುದು ಆ ಮನುಷ್ಯನ ಚಾಳಿ. ಆ ಚಾಳಿಗೆ ಇವನೇ ಇಟ್ಟ ಹೆಸರು ಅದು. ಮೊನ್ನೆ ಹಲ್ಲು ಕಟ್ಟುವವರ ಸಂಘದ ಸಭೆಯಲ್ಲಿ ಇವನಿಗೆ ‘ವರ್ಷದ ಕುಶಲಕರ್ಮಿ’ ಎಂದು ಹೇಳಿ ದವಡೆಹಲ್ಲಿನ ಆಕಾರದ ಗಾಜಿನ ಫಲಕ ಕೊಟ್ಟಾಗ, ಮೈಕು ಹಿಡಿದು ‘ಕೆಲಸ ಬರೋನಿಗೆ ಒಂದು ಸಲ ಸಾಕಪ್ಪ’ ಅಂದಿದ್ದ. ಸಭೆ ಗೊಳ್ಳೆಂದು ನಕ್ಕಿತ್ತು. ಮೂರನೇ ಸಾಲಿನಲ್ಲಿ ಕೂತಿದ್ದ ಮೂರುಸಲನೂ ನಕ್ಕಿದ್ದ. ಅವನು ನಕ್ಕಿದ್ದೇ ಇವನಿಗೆ ಆ ರಾತ್ರಿಯೆಲ್ಲ ಉರಿ.

ಇವತ್ತಿನ ಭಾನುವಾರದ ಊಟ ಆ ಫಲಕದ ಸಂತೋಷಕ್ಕೆ. ಬರುವಾಗ ಕಾರಿನಲ್ಲಿ, ಹಿಂದಿನ ರಾತ್ರಿಯಷ್ಟೇ ಫೋನಿನಲ್ಲಿ ಓದಿಕೊಂಡಿದ್ದನ್ನು ಹುಟ್ಟಿದಾಗಿನಿಂದ ಗೊತ್ತಿದ್ದವನ ಹಾಗೆ ಹೇಳಿದ್ದ. ‘ಸ್ಪೇನ್ ದೇಶದ ಊಟ ಅಕ್ಕ. ಟಾಪಾಸ್ ಅಂತ. ನಮ್ಮ ಥರ ಒಬ್ಬೊಬ್ಬರಿಗೆ ಒಂದೊಂದು ದೊಡ್ಡ ತಟ್ಟೆ ಇಲ್ಲ. ಚಿಕ್ಕ ಚಿಕ್ಕ ತಟ್ಟೇಲಿ ಒಂದರ ಹಿಂದೆ ಒಂದು ಬರ್ತಾ ಇರುತ್ತೆ, ಎಲ್ಲರೂ ಮಧ್ಯದಿಂದ ಹಂಚ್ಕೊಂಡು ತಿನ್ನೋದು.’ ಹಿಂದಿನ ಸೀಟಿನಿಂದ ಅಕ್ಕ, ‘ಹಂಚ್ಕೊಂಡಾ?’ ಎಂದು ಕೇಳಿದಳು. ‘ಹೂಂ.’ ‘ಹಾಗಾದ್ರೆ ಒಳ್ಳೇದಾಯ್ತು ಬಿಡು,’ ಎಂದು ಅವಳು ಉಸಿರು ಬಿಟ್ಟದ್ದು ಅವನ ಕಿವಿಗೆ ಬಿತ್ತು. ಕನ್ನಡಿಯಲ್ಲಿ ಅವಳ ಮುಖ ನೋಡಿದ. ಕಿಟಕಿಯ ಹೊರಗೆ ನೋಡುತ್ತಿದ್ದಳು. ಯಾರು ಎಷ್ಟು ತಿಂದರು ಎಂದು ಯಾರಿಗೂ ಗೊತ್ತಾಗದ ಊಟ ಇದು ಎಂದು ಅವಳಿಗೆ ಹೊಳೆದಿತ್ತು. ಅವಳಿಗೆ ಹೊಳೆದದ್ದು ಅವನಿಗೂ ಹೊಳೆಯಿತು. ಹೊಳೆದ ಕೂಡಲೇ ಅವನು ಗೇರು ಬದಲಿಸಿ, ಟ್ರಾಫಿಕ್ಕಿನ ಬಗ್ಗೆ ಏನೋ ಬೈದ.

ವಿಷಯ ಇಷ್ಟೇ. ಮೂರು ವರ್ಷದ ಹಿಂದೆ ಅಕ್ಕನ ಕೆಳಗಿನ ದವಡೆಯ ಅಚ್ಚನ್ನು ಅಳತೆಯಿಂದ ಬಿಡಿಸುವಾಗ ಎಡಗಡೆಯ ಹಿಂತುದಿ ಟಕ್ ಎಂದು ಮುರಿದು, ಕಡಲೆಕಾಳಿನಷ್ಟು ಚೂರು ನೆಲಕ್ಕೆ ಬಿದ್ದು ಎಲ್ಲಿ ಹೋಯಿತೋ ಸಿಗಲೇ ಇಲ್ಲ. ಮಂಡಿಯೂರಿ ಹುಡುಕಿದ್ದ. ಡಾಕ್ಟರಮ್ಮನಿಗೆ ಫೋನ್ ಮಾಡಿ ‘ಇನ್ನೊಂದು ಸಲ ಅಳತೆ ತೆಗೀರಿ’ ಎಂದರೆ ಮುಗಿಯುತ್ತಿತ್ತು. ಆದರೆ ಹಿಂದಿನ ದಿನವಷ್ಟೇ ಅವರ ಮುಂದೆ ‘ನಮ್ಮಕ್ಕನ ಬಾಯಿ ಮೇಡಂ, ನಂಗೆ ಅಳತೇನೇ ಬೇಡ, ಕಣ್ಣು ಮುಚ್ಕೊಂಡು ಮಾಡ್ತೀನಿ’ ಎಂದು ಬಡಾಯಿ ಕೊಚ್ಚಿದ್ದ. ಹಾಗಾಗಿ ಮುರಿದದ್ದನ್ನು ಅಂಟಿಸಿ, ಕಳೆದುಹೋದ ಚೂರಿನ ಜಾಗಕ್ಕೆ ಹೊಸ ಪ್ಲಾಸ್ಟರ್ ಮೆತ್ತಿ, ಚಿಕ್ಕಂದಿನಿಂದ ನೋಡಿದ ಮುಖವಲ್ಲವೇ ಎಂದುಕೊಂಡು ಅಂದಾಜಿನ ಮೇಲೆ ತಿದ್ದಿ ಮುಗಿಸಿದ. ಬಾಯಿಯ ಹೊರಗೆ ಅವಳನ್ನು ಐವತ್ತು ವರ್ಷ ನೋಡಿದ್ದ, ಒಳಗೆ ಅಲ್ಲ. ಸೆಟ್ಟನ್ನು ಬಾಯಿಗಿಟ್ಟು ನೋಡಲು ಡಾಕ್ಟರ ಬಳಿಗೆ ಹೋಗಬೇಕಾಗಿತ್ತು. ‘ಮೆಟ್ಟಿಲು ಹತ್ತೋ ಕಷ್ಟ ಯಾಕಕ್ಕ, ನಾನೇ ತಂದ್ಕೊಡ್ತೀನಿ’ ಎಂದು ಅಕ್ಕರೆಯ ತಮ್ಮನಂತೆ ಮನೆಗೇ ಒಯ್ದು ಕೊಟ್ಟ. ಅವಳು ಹಾಕಿಕೊಂಡು, ಕನ್ನಡಿ ನೋಡಿ, ‘ಬಹಳ ಚೆನ್ನಾಗಿದೆ ಕಣೋ’ ಅಂದಳು. ಆಮೇಲೆ ಅವನು ಯಾವಾಗ ಹೋದರೂ ಅವಳದು ‘ಈಗ ತಾನೇ ಊಟ ಆಯ್ತು’. ಅಡುಗೆಮನೆಯ ಕಟ್ಟೆಯ ಮೇಲೆ ಮಿಕ್ಸಿಯ ಜಾರು ಯಾವಾಗಲೂ ತೊಳೆದು ಬೋರಲು ಹಾಕಿದ್ದು. ಅಕ್ಕ ವಯಸ್ಸಾದಂತೆ ಮಿತಾಹಾರಿ ಆಗಿದ್ದಾಳೆ ಎಂದು ಅವನು ಹೆಂಡತಿಗೆ ಮೆಚ್ಚಿಕೊಂಡು ಹೇಳುತ್ತಿದ್ದ. ಇವತ್ತು ಮಾತ್ರ ಹೇಳಿಬಿಡಬೇಕು ಎಂದು ನಿರ್ಧರಿಸಿದ್ದ. ಪ್ರಶಸ್ತಿ ಬಂದ ಬೆಳಕಿನಲ್ಲಿ ಆ ಹಳೇ ತಪ್ಪು ಚಿಕ್ಕದಾಗಿ ಕಾಣಬಹುದು ಎಂಬ ಲೆಕ್ಕ. ನಿರ್ಧಾರ ಗಟ್ಟಿಯಾದ ಅರ್ಧ ಗಂಟೆಗೆ ಡಾಕ್ಟರಮ್ಮನಿಗೂ ಫೋನ್ ಮಾಡಿ ‘ನೀವೂ ಬರಲೇಬೇಕು ಮೇಡಂ’ ಎಂದು ಕರೆದ. ಅವರು ಎದುರಿಗಿದ್ದರೆ ಹೇಳಲಾಗುವುದಿಲ್ಲ ಎಂಬುದು ಫೋನ್ ಇಟ್ಟ ಮೇಲೆ ತನಗೆ ಹೊಳೆಯಿತು ಎಂದು ಅವನು ಇವತ್ತಿಗೂ ವಾದಿಸುತ್ತಾನೆ, ತನ್ನೊಂದಿಗೇ.

ಡಾಕ್ಟರಮ್ಮ ಆಗಲೇ ಬಂದು ಕೂತಿದ್ದರು. ನಲವತ್ತರ ಆಸುಪಾಸಿನ, ಮಾತಾಡುವಾಗ ಎದುರಿನವರ ಕಣ್ಣು ಬಿಟ್ಟು ತುಟಿಯನ್ನೇ ನೋಡುವ ಹೆಂಗಸು. ಕಸುಬೇ ಹಾಗೆ. ಗೋಡೆಗೆ ನೀಲಿ ಬಿಳಿ ಟೈಲ್ಸು, ಮೇಲೆ ತೊಲೆಯಿಂದ ತೂಗುಬಿಟ್ಟ ಬೆಳ್ಳುಳ್ಳಿಯ ಗೊಂಚಲು, ಒಬ್ಬೊಬ್ಬರಿಗೂ ತೊಡೆಯ ಮೇಲೆ ಹಾಸಿಕೊಳ್ಳಲು ಗಂಜಿ ಹಾಕಿ ಮಡಿಸಿದ ದೊಡ್ಡ ಬಿಳಿ ಬಟ್ಟೆ. ಅಕ್ಕ ಆ ಬಟ್ಟೆಯನ್ನು ಬಿಡಿಸಿ, ಎಷ್ಟು ಅಗಲವಿದೆ ಎಂದು ನೋಡಿ, ತೃಪ್ತಿಯಿಂದ ಮಡಿಲಲ್ಲಿ ಹಾಕಿಕೊಂಡಳು. ಹೆಂಡತಿ ಕೂತ ಕೂಡಲೇ ಚೀಲದಿಂದ ಗಾಜಿನ ಫಲಕ ತೆಗೆದು ಮೇಜಿನ ನಡುವೆ ಇಟ್ಟಳು. ‘ಅಯ್ಯೋ, ಇದನ್ಯಾಕೆ ತಂದೆ?’ ಎಂದು ಅವನು ಸಂಕೋಚಪಟ್ಟ. ‘ನೀವೇ ಅಲ್ವೇನ್ರೀ ಬೆಳಿಗ್ಗೆ ಚೀಲಕ್ಕೆ ಹಾಕಿದ್ದು?’ ಎಂದಳು ಅವಳು, ಎಲ್ಲರಿಗೂ ಕೇಳುವಂತೆ. ಫಲಕದ ಬುಡ ಸಮವಿರಲಿಲ್ಲ. ಯಾರಾದರೂ ಮೇಜಿಗೆ ಮೊಣಕೈ ಊರಿದರೆ ಗಾಜಿನ ಹಲ್ಲು ಆಚೆ ಈಚೆ ಅಲ್ಲಾಡುತ್ತಿತ್ತು. ಹೆಂಡತಿ ಒಂದು ಕಾಗದ ಮಡಿಸಿ ಅದರ ಕೆಳಗೆ ತುರುಕಿ, ‘ಈಗ ನೋಡಿ’ ಅಂದಳು.

ಮೆನು ಅವನ ಕೈಗೆ ಬಂತು. ಸಭೆಯ ಮೈಕಿನ ಹಾಗೆ ಅದೂ ಅವನ ತಲೆ ತಿರುಗಿಸಿತು. ಹುರಿದ ಬಾದಾಮಿ ಇರಲಿ. ಆಲಿವ್ ಕಾಯಿ, ಬೀಜ ಸಮೇತ ಇರೋದೇ ತನ್ನಿ, ಅದೇ ಅಸಲಿ. ಸುಟ್ಟ ಬ್ರೆಡ್ಡಿಗೆ ಟೊಮೆಟೊ ಉಜ್ಜಿದ್ದು. ತೆಳ್ಳಗೆ ಕೊಯ್ದ ಒಣಮಾಂಸ. ಕಲ್ಲಿನ ಮೇಲೆ ಸುಟ್ಟ ಆಕ್ಟೋಪಸ್. ಬಡಿಸುವವನು, ಕಪ್ಪು ಅಂಗಿಯ ನಿಧಾನಸ್ಥ ಮನುಷ್ಯ, ‘ನಮ್ಮಲ್ಲಿ ಆಲೂಗಡ್ಡೆ ಹಾಕಿ ದಪ್ಪಗೆ ಮಾಡೋ ಆಮ್ಲೆಟ್ ತುಂಬ ಚೆನ್ನಾಗಿರುತ್ತೆ ಸರ್, ಬೆಣ್ಣೆ ಥರ’ ಎಂದ. ‘ಅದನ್ನ ಮನೇಲೂ ಮಾಡ್ಕೋಬೋದು ಬಿಡಿ,’ ಎಂದು ಅವನು ಮೆನು ಮಡಿಸಿದ. ಮಡಿಸಿದ ಮೇಲೆ, ಹೇಳಿದ್ದನ್ನೆಲ್ಲ ಮನಸ್ಸಿನಲ್ಲೇ ಇನ್ನೊಂದು ಸಲ ಓದಿಕೊಂಡ. ಕಡಿಯುವುದು, ಜಗಿಯುವುದು, ಅರೆಯುವುದು, ಎಳೆಯುವುದು: ದವಡೆಹಲ್ಲಿನ ಪರೀಕ್ಷೆಗೆಂದೇ ಬರೆದ ಪ್ರಶ್ನೆಪತ್ರಿಕೆಯಂತೆ ಇತ್ತು ಅವನು ಹೇಳಿದ ಪಟ್ಟಿ. ಮೆತ್ತಗಿನದು ಇದ್ದದ್ದು ಒಂದೇ, ಅದನ್ನೇ ಬಿಟ್ಟಿದ್ದ. ಮತ್ತೆ ಕರೆದು ಹೇಳೋಣ ಎಂದು ಕೈ ಎತ್ತಿದ. ಏಕೆ ಎಂದು ಡಾಕ್ಟರಮ್ಮ ಕೇಳಿದರೆ? ಎತ್ತಿದ ಕೈಯಿಂದ ಕೂದಲು ಸರಿಮಾಡಿಕೊಂಡ.

ಒಂದು ಕಾಲದಲ್ಲಿ ಅಕ್ಕನ ಹಲ್ಲು ಎಂದರೆ ಎಂಥದ್ದಾಗಿತ್ತು! ಅಮ್ಮ ಹೋದಾಗ ಅವನಿಗೆ ಆರು ವರ್ಷ, ಅವಳಿಗೆ ಹತ್ತೊಂಬತ್ತು. ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮುಗಿಸಿ ಬಂದು, ಅವನ ಅಂಗಿಗೆ ಗುಂಡಿ ಹಾಕಿ, ದಾರವನ್ನು ಹಲ್ಲಿನಿಂದ ಪಟ್ಟನೆ ಕಡಿಯುತ್ತಿದ್ದಳು. ಬಾಟಲಿಯ ಮುಚ್ಚಳ ತೆಗೆಯುತ್ತಿದ್ದದ್ದು ದವಡೆಯಲ್ಲಿ. ಬೇಸಿಗೆಯಲ್ಲಿ ಲೋಟದ ನೀರು ಕುಡಿದು ತಳದ ಐಸ್ ತುಂಡನ್ನು ಕಟಂ ಕಟಂ ಎಂದು ಅಗಿಯುತ್ತಿದ್ದರೆ ಪಕ್ಕದ ಕೋಣೆಯಲ್ಲಿ ಓದುತ್ತಿದ್ದವನ ಮೈ ಜುಮ್ಮೆನ್ನುತ್ತಿತ್ತು. ‘ಅಕ್ಕಾ, ಸಾಕು ಮಾರಾಯ್ತಿ’ ಎಂದು ಕೂಗಿದರೆ ಬಾಗಿಲಿಗೆ ಬಂದು ನಿಂತು ಇನ್ನೊಂದು ಅಗಿದು ತೋರಿಸುತ್ತಿದ್ದಳು. ಅವಳ ದನಿಯನ್ನು ಮೆಚ್ಚಿ ದೂರದೂರದವರು ಎಕ್ಸ್‌ಚೇಂಜಿಗೆ ಕಾಗದ ಬರೆದಿದ್ದರಂತೆ. ಈಗ ಎದುರಿಗೆ ಕೂತು, ‘ಬಾದಾಮಿ ತಗೊಳ್ಳಿ ಡಾಕ್ಟ್ರೇ, ಬಿಸಿ ಇದೆ’ ಎನ್ನುವಾಗ ಆ ದನಿಯಲ್ಲಿ ಸಣ್ಣ ಗಾಳಿ ಸೇರಿಕೊಂಡಿತ್ತು. ಮೂರು ವರ್ಷದಿಂದ ಇತ್ತು. ಅವನು ಅದಕ್ಕೆ ನೆಗಡಿ ಎಂದು ಹೆಸರಿಟ್ಟಿದ್ದ.

ಅವಳ ಕೈಚಳಕ ನೋಡುವಂತಿತ್ತು. ಬಂದ ತಟ್ಟೆ ಮೊದಲು ಅವಳ ಕೈಗೆ. ಒಂದು ತುಂಡು ತನ್ನ ಮುಂದೆ ಹಾಕಿಕೊಂಡು ‘ಆಹಾ, ಏನ್ ಘಮ!’ ಎಂದು ಮುಂದೆ ಸಾಗಿಸುವಳು. ಬ್ರೆಡ್ಡನ್ನು ಬೆರಳಿನಿಂದ ಮುರಿದು, ಗಟ್ಟಿ ಅಂಚನ್ನು ಬಿಟ್ಟು, ನಡುವಿನ ಟೊಮೆಟೊ ನೆನೆದ ಭಾಗವನ್ನು ನಾಲಿಗೆಯ ಮೇಲಿಟ್ಟು ಕರಗಿಸುವಳು. ಒಂದು ಬಾದಾಮಿ ಅವಳ ಕೆನ್ನೆಯಲ್ಲಿ ಹತ್ತು ನಿಮಿಷ ಕೂತಿತ್ತು. ಆಮೇಲೆ ಮಡಿಲ ಬಟ್ಟೆ ಬಾಯಿಗೆ ಹೋಗಿ ಬಂತು, ಕೆನ್ನೆ ಇಳಿದಿತ್ತು. ಒಣಮಾಂಸದ ಎಸಳು ಹೆಂಡತಿಯ ತಟ್ಟೆ ಸೇರಿತು. ‘ನೀನೇ ತಿನ್ನಮ್ಮ, ಕೆಲಸಕ್ಕೆ ಹೋಗೋಳು.’ ‘ನೀವು ತಿಂತಾನೇ ಇಲ್ಲ ಅತ್ತಿಗೆ.’ ‘ನಾನಾ? ಆಗ್ಲಿಂದ ತಿಂತಾನೇ ಇದೀನಲ್ಲೇ!’ ಅವನೊಬ್ಬನಿಗೆ ಎಲ್ಲವೂ ಕಾಣುತ್ತಿತ್ತು. ಎಡಗಡೆ ಜಗಿಯುತ್ತಿಲ್ಲ. ಬಲಕ್ಕೆ ಕಚ್ಚಿದಾಗ ಎಡಗಡೆ ಏಳುತ್ತಿದೆ. ಎದ್ದ ಸೆಟ್ಟನ್ನು ನಾಲಿಗೆಯಿಂದ ಒತ್ತಿ ಹಿಡಿಯುತ್ತಾಳೆ, ಅದಕ್ಕೇ ಮಾತಿಗೆ ಗಾಳಿ. ಯಾರದೋ ಬಾಯಿಯಾಗಿದ್ದರೆ ಎರಡೇ ನಿಮಿಷಕ್ಕೆ ‘ಇದು ಮೂರುಸಲನ ಕೆಲಸ’ ಎಂದು ತೀರ್ಪು ಕೊಡುತ್ತಿದ್ದ. ಇಷ್ಟೆಲ್ಲ ನೋಡುತ್ತ ಅವನು ತಾನು ಮಾತ್ರ ಎಡಕ್ಕೊಂದು ಬಲಕ್ಕೊಂದು ಬಾದಾಮಿ ಹಾಕಿಕೊಂಡು ಕಟಕಟ ಅಗಿಯುತ್ತಿದ್ದ. ಗಾಬರಿಯಾದರೆ ಅವನಿಗೆ ಹಸಿವು ಜಾಸ್ತಿ.

‘ಅಮ್ಮ, ನಿಮ್ಮ ಕೆಳಗಿನ ಸೆಟ್ ಹೇಗಿದೆ?’ ಎಂದು ಡಾಕ್ಟರಮ್ಮ ಇದ್ದಕ್ಕಿದ್ದಂತೆ ಕೇಳಿದರು. ‘ನೀವು ಫಿಟ್ಟಿಂಗಿಗೆ ಬರಲೇ ಇಲ್ಲ ನೋಡಿ. ಸಾಮಾನ್ಯವಾಗಿ ಕೆಳಗಿಂದೇ ತೊಂದರೆ ಕೊಡೋದು.’ ಅವನು ಬಾಯಲ್ಲಿದ್ದ ಬಾದಾಮಿಯನ್ನು ಅಗಿಯದೆ ನುಂಗಿದ. ಅಕ್ಕ ಅವನ ಕಡೆಗೆ ನೋಡಲೂ ಇಲ್ಲ. ‘ತಮ್ಮ ಮಾಡಿದ್ದಲ್ವಾ,’ ಎಂದಳು, ‘ಹುಟ್ಟಿದಾಗಿಂದ ಇದ್ದ ಹಾಗಿದೆ.’ ಡಾಕ್ಟರಮ್ಮ ಗಾಜಿನ ಹಲ್ಲಿನ ಕಡೆ ಕೈ ತೋರಿಸಿ, ‘ಪ್ರಶಸ್ತಿ ಸುಮ್ನೆ ಬರುತ್ತಾ ಮತ್ತೆ,’ ಅಂದರು. ಹೇಳಿಬಿಡಲು ಅದಕ್ಕಿಂತ ಒಳ್ಳೆಯ ಸಮಯ ಯಾವುದಿತ್ತು? ಬಾಯಿ ತೆರೆದ. ಬಾಯಿಂದ ಬಂದದ್ದು, ‘ಎಲ್ಲ ನಿಮ್ಮ ಅಳತೆಯ ಗುಣ ಮೇಡಂ.’ ಥೂ ನಿನ್ನ, ಎಂದು ತನಗೆ ತಾನೇ ಬೈದುಕೊಂಡ. ಬೈದುಕೊಂಡದ್ದು ಕೂಡ ಸಮಾಧಾನವಾಗಲೆಂದೇ.

ಆಕ್ಟೋಪಸ್ ಬಂತು. ಕಪ್ಪು ಕಲ್ಲಿನ ಮೇಲೆ ನೇರಳೆ ತುಂಡುಗಳು. ‘ಇದನ್ನ ಎಲ್ಲರೂ ಒಟ್ಟಿಗೇ ತಿನ್ಬೇಕು,’ ಎಂದು ಡಾಕ್ಟರಮ್ಮ ನಗುತ್ತ ಪ್ರತಿಯೊಬ್ಬರ ತಟ್ಟೆಗೂ ತಾವೇ ಒಂದೊಂದು ಹಾಕಿ, ಫೋರ್ಕ್ ಎತ್ತಿ ಕಾದರು. ಸಾಗಿಸಲು ದಾರಿಯಿರಲಿಲ್ಲ. ಅಕ್ಕ ತುಂಡನ್ನು ಬಾಯಿಗಿಟ್ಟಳು. ಬಲಕ್ಕೆ ಒತ್ತಿದಳು, ಕಣ್ಣಿನ ತುದಿ ಚುಳುಕ್ಕೆಂದು ಮುಚ್ಚಿ ತೆರೆಯಿತು. ಇನ್ನೊಂದು ಸಲ ಒತ್ತಿದಳು. ಆಮೇಲೆ ಕೆಮ್ಮು ಬಂದವಳ ಹಾಗೆ ಪಕ್ಕಕ್ಕೆ ತಿರುಗಿ, ಬಿಳಿ ಬಟ್ಟೆಯನ್ನು ಎರಡೂ ಕೈಯಿಂದ ಮುಖಕ್ಕೆ ಹಿಡಿದು, ಸ್ವಲ್ಪ ಹೊತ್ತು ಹಾಗೇ ಇದ್ದಳು. ‘ಖಾರ ಹತ್ತಿತಾ ಅತ್ತಿಗೆ?’ ಅವಳು ಹೌದೆಂದು ತಲೆಯಾಡಿಸಿ, ಬಟ್ಟೆಯನ್ನು ಮುದ್ದೆ ಮಾಡಿ ಖಾಲಿ ತಟ್ಟೆಯ ಪಕ್ಕ ಇಟ್ಟು ನೀರು ಕುಡಿದಳು. ಬಡಿಸುವವನು ಬಂದು, ಈ ಹೋಟೆಲಿನ ಪದ್ಧತಿಯಂತೆ, ಹೊಸ ತಟ್ಟೆ ಇಡಲೆಂದು ಹಳೆಯವನ್ನೆಲ್ಲ ಒಂದರ ಮೇಲೊಂದು ಪೇರಿಸಿ, ಬಳಸಿದ ಬಟ್ಟೆಗಳನ್ನೂ ಮೇಲೆ ಹಾಕಿಕೊಂಡು, ಅಕ್ಕನ ಮುಂದೆ ಗಂಜಿ ಹಾಕಿದ ಹೊಸ ಬಟ್ಟೆ ಇಟ್ಟು ಹೋದ. ಅಕ್ಕನ ಕೈ ಅವನ ಹಿಂದೆ ಅರ್ಧ ಮೇಲೆದ್ದು ನಿಂತಿತು. ಆಮೇಲೆ ಮಡಿಲಿಗೆ ಇಳಿಯಿತು.

ಅವಳ ಕೆಳತುಟಿ ಒಳಗೆ ಹೋಗಿತ್ತು. ಗದ್ದ ಮೂಗಿನ ಕಡೆಗೆ ಒಂದು ಬೆರಳಷ್ಟು ಮೇಲೆ ಬಂದಿತ್ತು. ನೋಡಿದ ಕ್ಷಣವೇ ಅವನಿಗೆ ತಿಳಿಯಿತು, ಮೂವತ್ತು ವರ್ಷ ಇದನ್ನೇ ತಾನೇ ನೋಡಿದ್ದು. ಸೆಟ್ಟು ಆ ಬಟ್ಟೆಯ ಮುದ್ದೆಯೊಳಗೆ ಹೋಗಿಬಿಟ್ಟಿತ್ತು. ಡಾಕ್ಟರಮ್ಮ ತಲೆ ಬಗ್ಗಿಸಿ ಆಕ್ಟೋಪಸ್ ಕುಯ್ಯುತ್ತ ಏನೋ ಕೇಳಿದರು. ಅಕ್ಕ ‘ಊಂ’ ಎಂದಳು. ಇನ್ನೇನೋ ಕೇಳಿದರು. ‘ಊಹೂಂ.’ ಎರಡು ಅಕ್ಷರದ ಮೇಲೆ ಒಬ್ಬ ಹೆಂಗಸು ಇಡೀ ಊಟ ಮುಗಿಸುವ ಧೈರ್ಯ ಮಾಡಿ ಕೂತಿದ್ದಳು, ಅವನ ಮರ್ಯಾದೆ ಉಳಿಸಲು. ತನ್ನ ಮರ್ಯಾದೆ ಈ ಹೊತ್ತಿನಲ್ಲಿ ತೊಳೆಯುವ ತಟ್ಟೆಗಳ ನಡುವೆ ಎಲ್ಲಿದೆ ಎಂದು ಅವನು ಯೋಚಿಸಿದ. ‘ಕೈ ತೊಳ್ಕೊಂಡು ಬರ್ತೀನಿ,’ ಎಂದು ಎದ್ದ. ಏಳುವಾಗ ಮೊಣಕಾಲು ಮೇಜಿಗೆ ತಾಗಿ ಗಾಜಿನ ಹಲ್ಲು ಮಗುಚಿಕೊಂಡಿತು.

ಅಡುಗೆಮನೆಯ ತಿರುಗುಬಾಗಿಲಲ್ಲಿ ಬಡಿಸುವವನು ಸಿಕ್ಕ. ‘ಕೈ ತೊಳೆಯೋದು ಆ ಕಡೆ ಸರ್.’ ‘ಅದಲ್ಲ. ಈಗ ನಮ್ಮ ಮೇಜಿಂದ ಒಂದು ಬಟ್ಟೆ ತಂದ್ರಲ್ಲ, ಅದು ಬೇಕಿತ್ತು.’ ‘ಹೊಸದು ಕೊಡ್ತೀನಿ ಸರ್.’ ‘ಬೇಡ, ಅದೇ ಬೇಕು.’ ‘ಅದು ಕೊಳೆಯಾಗಿದೆ ಸರ್.’ ‘ಅದರೊಳಗೆ ಒಂದು ವಸ್ತು ಇದೆ.’ ಎಂಥ ವಸ್ತು ಎಂದು ಆ ಮನುಷ್ಯ ಕೇಳಲಿಲ್ಲ. ಒಳ್ಳೆಯ ಹೋಟೆಲಿನ ತರಬೇತಿ. ಆದರೆ ಒಲೆಯ ಮುಂದಿನ ಅಡುಗೆಯವರೆಲ್ಲ ಕತ್ತು ತಿರುಗಿಸಿ ಕಾಯುತ್ತಿದ್ದರು. ಉಂಗುರ ಎಂದುಬಿಡಲೇ ಎಂದುಕೊಂಡ. ಆಗಲೂ, ಆ ಬೆವರಿನಲ್ಲೂ, ಒಂದು ಸುಳ್ಳು ಹಾಜರಿತ್ತು. ‘ಹಲ್ಲು,’ ಎಂದ. ‘ಕೆಳಗಿನ ಸೆಟ್ಟು. ಗುಲಾಬಿ ಬಣ್ಣ.’ ಗೋಣಿಯಂಥ ಚೀಲವೊಂದನ್ನು ಎಳೆದು ತಂದರು. ಬಟ್ಟೆಗಳನ್ನು ನೆಲಕ್ಕೆ ಸುರಿದರು. ಅವನು ತನ್ನ ಇಸ್ತ್ರಿ ಮಾಡಿದ ಪ್ಯಾಂಟಿನಲ್ಲಿ ಮಂಡಿಯೂರಿ ಒಂದೊಂದನ್ನೇ ಬಿಡಿಸುತ್ತ ಹೋದ. ಹಿಂದೊಂದು ಸಲ ಹೀಗೇ ಮಂಡಿಯೂರಿ ಕಡಲೆಕಾಳಿನಷ್ಟು ಪ್ಲಾಸ್ಟರ್ ಚೂರು ಹುಡುಕಿದ್ದು ನೆನಪಾಯಿತು. ತಟ್ಟೆ ತೊಳೆಯುವ ಹೆಂಗಸು ತನ್ನ ತೊಟ್ಟಿಯಿಂದ ಒಂದು ಮುದ್ದೆ ಎತ್ತಿ ಹಿಡಿದಳು. ‘ಇದಾ ನೋಡಿ. ತಟ್ಟೆ ಜೊತೆ ನೀರಿಗೆ ಬಿದ್ದಿತ್ತು.’ ಬಟ್ಟೆ ಬಿಡಿಸಿ, ಸೆಟ್ಟನ್ನು ನಲ್ಲಿಯ ಕೆಳಗೆ ತೊಳೆದು, ಬೆಳಕಿಗೆ ತಿರುಗಿಸಿ ನೋಡಿದಳು. ‘ನಮ್ಮಮ್ಮಂಗೂ ಇಂಥದ್ದೇ ಮಾಡಿಸಿದ್ವಿ. ಪಾಪ, ಸಾಯೋವರೆಗೂ ಡಬ್ಬೀಲೇ ಇಟ್ಟಿದ್ರು. ಯಾರು ಮಾಡ್ತಾರೋ ಇಂಥವೆಲ್ಲ.’ ‘ಯಾರೋ,’ ಎಂದು ಅವನು ಕೈ ಚಾಚಿದ.

ಪಾತ್ರೆಗಳ ಗಲಾಟೆಯ ನಡುವೆ ಅವನು ತನ್ನ ಕೆಲಸವನ್ನು ನೋಡಿದ. ಮೂರು ವರ್ಷದ ನಂತರ ಮೊದಲ ಸಲ. ಹೊರಗಿನಿಂದ ಸುಂದರವಾಗಿತ್ತು, ಅದರಲ್ಲಿ ಎರಡು ಮಾತಿಲ್ಲ, ಪ್ರಶಸ್ತಿ ಕೊಡಬಹುದಿತ್ತು. ತಿರುಗಿಸಿದ. ವಸಡಿಗೆ ತಾಗುವ ಒಳಮೈಯಲ್ಲಿ, ಎಡಗಡೆಯ ಹಿಂತುದಿಯಲ್ಲಿ, ಅವನು ಮಾಡದ ಗೀರುಗಳಿದ್ದವು. ಉಗುರು ಉಜ್ಜುವ ಅರದಿಂದ ಕೆರೆದದ್ದು. ಒಂದು ದಿನ ಕೆರೆದದ್ದಲ್ಲ. ಹಳೆಯ ಗೀರಿನ ಅಂಚು ಸವೆದು ನುಣುಪಾಗಿತ್ತು, ಅದರ ಮೇಲೆ ಹೊಸದು, ಹೊಸದರ ಮೇಲೆ ಇನ್ನೂ ಹೊಸದು. ಸಿಕ್ಕಾಪಟ್ಟೆ ಕೆರೆದು, ಹೆದರಿ ನಿಲ್ಲಿಸಿ, ಮತ್ತೊಂದು ದಿನ ಇನ್ನಷ್ಟು. ತುದಿಗೆ ಒಂದು ಬಟ್ಟೆಯ ಮೆತ್ತೆ ಅಂಟಿಕೊಂಡಿತ್ತು. ಹಳೆಯ ಮೆತ್ತನೆಯ ಹತ್ತಿ ಬಟ್ಟೆ, ನಾಲ್ಕು ಮಡಿಕೆ ಮಾಡಿ, ಬಿಚ್ಚಿಹೋಗದಿರಲೆಂದು ಅಂಚನ್ನು ಸಣ್ಣ ಸಣ್ಣ ಹೊಲಿಗೆಯಲ್ಲಿ ಹೊಲಿದಿದ್ದಳು. ಗುಂಡಿ ಹಾಕುವಾಗ ಹಾಕುತ್ತಿದ್ದಂಥ ಹೊಲಿಗೆ. ದಾರವನ್ನು ಈಗ ಕತ್ತರಿಯಲ್ಲಿ ಕತ್ತರಿಸಿರಬೇಕು. ಮೆತ್ತೆಯ ಮೇಲೆ ಕಂದು ಕಲೆಯಿತ್ತು, ಕಲೆಯ ನಡುವೆ ಒಂದು ಚುಕ್ಕೆ ಕೆಂಪು. ಮೂರು ವರ್ಷ ಅವಳು ಒಬ್ಬಳೇ ಕೂತು ಅವನ ತಪ್ಪನ್ನು ತಿದ್ದುತ್ತಿದ್ದಳು. ಅವನು ಮೈಕು ಹಿಡಿದು ‘ಒಂದು ಸಲ ಸಾಕಪ್ಪ’ ಎಂದು ಹೇಳಿದ ಸಂಜೆಯೂ, ಬಹುಶಃ, ಅಡುಗೆಮನೆಯ ದೀಪದ ಕೆಳಗೆ ಕೆರೆದಿರಬಹುದು. ಅವನಿಗೆ ಅಳು ಬಂತು. ಈರುಳ್ಳಿ ಹೆಚ್ಚುತ್ತಿದ್ದ ಅಡುಗೆಯವನು ‘ಸ್ವಲ್ಪ ಆ ಕಡೆ ನಿಂತ್ಕೊಳ್ಳಿ ಸರ್, ಕಣ್ಣು ಉರಿಯುತ್ತೆ’ ಅಂದ. ಅದನ್ನೂ ಅವನು ಕೃತಜ್ಞತೆಯಿಂದ ಒಪ್ಪಿಕೊಂಡ. ಹೊರಗೆ ಬರುವ ಮೊದಲು ಬಡಿಸುವವನ ಹತ್ತಿರ ಹೋಗಿ, ‘ಆ ಆಮ್ಲೆಟ್ ಅಂದ್ರಲ್ಲ,’ ಎಂದ, ‘ಅದನ್ನ ತಂದ್ಬಿಡಿ.’

ಮೇಜಿನಲ್ಲಿ ಯಾರೋ ಗಾಜಿನ ಹಲ್ಲನ್ನು ಮತ್ತೆ ನಿಲ್ಲಿಸಿದ್ದರು. ಸೆಟ್ಟು ಅವನ ಅಂಗಿಯ ಜೇಬಿನಲ್ಲಿ ಒದ್ದೆಯಾಗಿ ಎದೆಗೆ ಒತ್ತುತ್ತಿತ್ತು. ಮೇಜಿನ ಕೆಳಗೆ ಅಕ್ಕನ ಕೈಗೆ ಕೊಟ್ಟುಬಿಟ್ಟರೆ ಅವಳು ಕೆಮ್ಮಿ, ತಿರುಗಿ, ಹಾಕಿಕೊಂಡು, ‘ಬಹಳ ಚೆನ್ನಾಗಿತ್ತು ಊಟ’ ಎನ್ನುತ್ತಾಳೆ. ಎಲ್ಲರೂ ಮನೆಗೆ ಹೋಗಬಹುದು. ಅಡುಗೆಮನೆಯಿಂದ ಬರುತ್ತ ಅವನು ಹಾಕಿಕೊಂಡ ಉಪಾಯ ಅದೇ. ಕೂತ. ಅಕ್ಕ ಅವನನ್ನು ನೋಡಿದಳು, ಕಣ್ಣಿನಲ್ಲೇ ‘ಸಿಕ್ತಾ?’ ಎಂದಳು. ಅವನು ಮೇಜಿನ ಕೆಳಗೆ ಕೈ ಇಳಿಸಿದ. ಇಳಿಸಿದ ಕೈಯನ್ನು, ಅದು ತನ್ನದಲ್ಲವೇನೋ ಎಂಬಂತೆ, ಮೇಲೆ ಎತ್ತಿ, ಸೆಟ್ಟನ್ನು ಗಾಜಿನ ಹಲ್ಲಿನ ಪಕ್ಕ ಇಟ್ಟ.

‘ಮೇಡಂ, ಅಚ್ಚು ಒಡೆದುಹೋಗಿತ್ತು,’ ಎಂದ. ‘ಅಕ್ಕನ ಕೆಳಗಿನ ಅಚ್ಚು. ನಾನು ಅಂಟಿಸಿ, ಅಂದಾಜಿನ ಮೇಲೆ ಮಾಡಿದೆ. ನಿಮಗೂ ಹೇಳಲಿಲ್ಲ, ಅವಳಿಗೂ ಹೇಳಲಿಲ್ಲ. ಮೂರು ವರ್ಷ ಆಯ್ತು.’

ಹೆಂಡತಿ ಸೆಟ್ಟನ್ನು ನೋಡಿದಳು, ಅತ್ತಿಗೆಯ ಮುಖ ನೋಡಿದಳು, ಆಮೇಲೆ ಅವನನ್ನು ನೋಡಿದಳು. ಕೊನೆಯ ನೋಟವನ್ನು ಮನೆಗೆ ಹೋದ ಮೇಲೆ ಬಿಡಿಸಿ ಹೇಳಲಾಗುವುದು ಎಂದು ಅದರಲ್ಲೇ ಬರೆದಿತ್ತು. ಡಾಕ್ಟರಮ್ಮ ಕನ್ನಡಕ ಹಾಕಿಕೊಂಡು, ಫೋರ್ಕಿನ ತುದಿಯಿಂದ ಮೆತ್ತೆಯನ್ನು ಸರಿಸಿ, ಗೀರುಗಳನ್ನು ನೋಡಿದರು. ಅವರಿಗೂ ಓದಲು ಬರುತ್ತಿತ್ತು. ‘ಫೋನ್ ಮಾಡಿದ್ರೆ ಇನ್ನೊಂದು ಅಳತೆ ತೆಗೀತಿದ್ದೆನಲ್ಲ,’ ಅಂದರು. ‘ಹತ್ತು ನಿಮಿಷದ ಕೆಲಸ.’ ದನಿಯಲ್ಲಿ ಕೋಪವೂ ಇರಲಿಲ್ಲ. ಕೋಪವಿದ್ದಿದ್ದರೆ ಅವನು ಅದಕ್ಕೆ ಬೆನ್ನು ಕೊಟ್ಟು ಕೂರಬಹುದಿತ್ತು.

‘ನಂಗೊತ್ತಿತ್ತು,’ ಎಂದಳು ಅಕ್ಕ. ಕೆಳಹಲ್ಲಿಲ್ಲದ ಮಾತು ಮೆತ್ತಗೆ, ಅಗಲವಾಗಿ ಬಂತು; ಆದರೆ ಗಾಳಿ ಹೋಗಿತ್ತು. ಹಳೆಯ ದನಿಯೇ ಎಲ್ಲೋ ಒಳಗಿಂದ ಕೇಳಿದಂತಾಯಿತು. ‘ನೀನು ಅದನ್ನ ತಂ‌ದ್ಕೊಟ್ಟ ದಿನಾನೇ ಗೊತ್ತಾಯ್ತು. ಎರಡೂ ಕೈಲಿ ಕೊಟ್ಟೆ. ನೀನು ಯಾವತ್ತಾದ್ರೂ ನಂಗೆ ಎರಡು ಕೈಲಿ ಏನಾದ್ರೂ ಕೊಟ್ಟಿದೀಯೇನೋ? ಪರೀಕ್ಷೇಲಿ ಫೇಲಾದಾಗ ಮಾರ್ಕ್ಸ್ ಕಾರ್ಡನ್ನ ಹಾಗೇ ಕೊಟ್ಟಿದ್ದೆ.’

‘ಮತ್ತೆ ಹೇಳ್ಬಾರ್ದಿತ್ತಾ ಅಕ್ಕ?’

‘ಹೇಳಿದ್ರೆ ನೀನು ಇನ್ನೊಂದು ಮಾಡ್ತಿದ್ದೆ,’ ಎಂದಳು ಅವಳು. ‘ಇದಾದ್ರೂ ಒಂಚೂರು ಅಭ್ಯಾಸ ಆಗಿತ್ತು.’

ಡಾಕ್ಟರಮ್ಮ ನಗು ತಡೆಯಲು ನೀರಿನ ಲೋಟ ಎತ್ತಿದರು. ಹೆಂಡತಿ ತಡೆಯಲಿಲ್ಲ. ಅವನಿಗೂ ನಗು ಬರಬೇಕಿತ್ತು; ಬಂದದ್ದು ಅವಮಾನ. ಎಂಥ ಪ್ರಾಣಿ ನೀನು ಎಂದು ಅವನಿಗೇ ಆಶ್ಚರ್ಯವಾಯಿತು. ಕ್ಷಮೆ ಸಿಗುತ್ತಿರುವ ಹೊತ್ತಿನಲ್ಲಿ ತನ್ನ ಕೈಕೆಲಸದ ಬಗ್ಗೆ ಅಕ್ಕನಿಗೆ ಭರವಸೆಯೇ ಇರಲಿಲ್ಲವೇ ಎಂದು ಮುನಿಸು ಬರುತ್ತಿದೆಯಲ್ಲ. ಆಮ್ಲೆಟ್ ಬಂತು. ದಪ್ಪಗೆ, ಹಳದಿಗೆ, ಕೇಕಿನಂತೆ ಕೊಯ್ದದ್ದು. ಅಕ್ಕ ಯಾರನ್ನೂ ಕಾಯಲಿಲ್ಲ, ಯಾರಿಗೂ ಸಾಗಿಸಲಿಲ್ಲ. ಒಂದು ತುಂಡನ್ನು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, ವಸಡಿನಲ್ಲೇ ಒತ್ತಿ ಒತ್ತಿ ತಿಂದಳು. ಎರಡನೆಯದನ್ನೂ ತಿಂದಳು. ಅವಳು ಹೊಟ್ಟೆ ತುಂಬ ತಿನ್ನುವುದನ್ನು ಅವನು ನೋಡಿ ಮೂರು ವರ್ಷವಾಗಿತ್ತು. ನೋಡುತ್ತ, ತಾನು ಮಾಡಿಕೊಟ್ಟದ್ದು ಬಾಯಿಂದ ಹೊರಗಿದ್ದುದರಿಂದಲೇ ಇದು ಸಾಧ್ಯವಾಯಿತು ಎಂಬುದನ್ನು ಒಪ್ಪಿಕೊಂಡ. ಮೂರನೆಯ ತುಂಡಿಗೆ ಕೈ ಹಾಕುವ ಮೊದಲು ಅವಳು ಬಾಯಿ ಒರೆಸಿಕೊಂಡು, ಅವನ ಕಡೆ ನೋಡದೆ, ಡಾಕ್ಟರಮ್ಮನನ್ನು ಕೇಳಿದಳು.

‘ಇದನ್ನ ಬೇರೆ ಯಾರಾದ್ರೂ ಮಾಡ್ತಾರಾ ಡಾಕ್ಟ್ರೇ?’

ಡಾಕ್ಟರಮ್ಮ ಆಲಿವ್ ಬೀಜಗಳನ್ನು ತಟ್ಟೆಯ ಅಂಚಿನಲ್ಲಿ ಜೋಡಿಸತೊಡಗಿದರು. ಹೆಂಡತಿ ಅವನ ಮೊಣಕೈ ಮುಟ್ಟಿದಳು. ಅಕ್ಕನ ಕಿವಿಯ ತುದಿ ಕೆಂಪಾಗಿತ್ತು. ಎಷ್ಟು ದಿನದಿಂದ ಈ ಪ್ರಶ್ನೆಯನ್ನು ಬಾಯಲ್ಲಿಟ್ಟುಕೊಂಡು ತಿರುಗುತ್ತಿದ್ದಳೋ, ಆ ಬಾದಾಮಿಯ ಹಾಗೆ. ನಾನೇ ಮಾಡ್ತೀನಿ ಅಕ್ಕ, ಈ ಸಲ ಜೋಪಾನವಾಗಿ, ಎಂಬ ಮಾತು ಅವನ ನಾಲಿಗೆಯ ತುದಿಗೆ ಬಂದು ನಿಂತಿತ್ತು. ಅವನು ಆ ಮಾತು ಆಡಿದರೆ ಅವಳು ‘ಆಯ್ತು ಕಣೋ’ ಎನ್ನುತ್ತಾಳೆ. ಖಂಡಿತ ಎನ್ನುತ್ತಾಳೆ. ಅದೇ ಅವನಿಗೆ ಹೆದರಿಕೆಯಾಯಿತು.

‘ಮಾಡ್ತಾರೆ,’ ಎಂದ. ‘ಹಳೇ ಬಸ್ ನಿಲ್ದಾಣದ ಹಿಂದೆ ಒಬ್ಬ ಇದಾನೆ.’ ತನ್ನ ದನಿ ತನಗೇ ಬೇರೆ ಯಾರದೋ ಹಾಗೆ ಕೇಳಿಸಿತು. ‘ಕೆಳಗಿನ ಸೆಟ್ಟು ನನಗಿಂತ ಚೆನ್ನಾಗಿ ಮಾಡ್ತಾನೆ. ಆದ್ರೆ ಒಂದೇ ಸಲಕ್ಕೆ ಬಿಡಲ್ಲ ಅಕ್ಕ. ಮೂರು ಸಲ ಕರೀತಾನೆ.’

‘ಯಾಕಂತೆ?’

‘ಸರಿಯಾಗಿ ಕೂರ್ಲಿ ಅಂತ.’

ಅಕ್ಕ ಮೂರನೆಯ ತುಂಡನ್ನು ಎತ್ತಿಕೊಂಡಳು. ‘ಆ ಕಡೆ ದಾರಿ ನಂಗೊತ್ತಿಲ್ಲ. ನೀನೇ ಕರ್ಕೊಂಡು ಹೋಗ್ಬೇಕು.’

‘ಮೂರು ಸಲಾನೂ?’ ಎಂದುಬಿಟ್ಟ.

‘ಮೂರು ಸಲಾನೂ.’

ಅವನು ಫೋನ್ ತೆಗೆದ. ‘ಮೂರುಸಲ’ ಎಂದೇ ಬರೆದಿಟ್ಟಿದ್ದ ಹೆಸರನ್ನು ಹುಡುಕಿ, ಹೆಂಡತಿಗೆ ಕಾಣದಂತೆ ಅಂಗೈಯಲ್ಲಿ ಮರೆಮಾಡಿಕೊಂಡು ಒತ್ತಿದ. ಆ ಕಡೆ ಪಾತ್ರೆಯ ಸದ್ದು, ಮಕ್ಕಳ ಗಲಾಟೆ, ಆಮೇಲೆ ಹಳೆಯ ನಿಧಾನದ ದನಿ. ‘ನಾನು,’ ಎಂದ ಇವನು. ‘ನಮ್ಮಕ್ಕನ ಬಾಯಿ ಒಂದು ನೋಡ್ಬೇಕಿತ್ತು. ನನ್ನ ಕೈಲಿ ಕೆಟ್ಟುಹೋಗಿದೆ.’ ಈಗ ನಗುತ್ತಾನೆ, ನಗಲಿ, ನಗಲೇಬೇಕು, ಎಂದು ಇವನು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು ಕಾದ. ನಗು ಬರಲಿಲ್ಲ. ಮೂರುಸಲ ಎರಡೇ ಎರಡು ಮಾತು ಹೇಳಿದ, ನಾಳೆ ಬೆಳಿಗ್ಗೆ ಬನ್ನಿ ಎಂದ. ಇವನು ‘ಹೂಂ’ ಎಂದು ಫೋನ್ ಇಟ್ಟ.

‘ಏನಂತೆ?’ ಎಂದಳು ಅಕ್ಕ, ಬಾಯಿ ತುಂಬ ಆಮ್ಲೆಟ್ ಇಟ್ಟುಕೊಂಡು.

‘ಮೊದಲನೇ ಸಲ ಬರೀ ನೋಡ್ತಾನಂತೆ ಅಕ್ಕ,’ ಎಂದ ಅವನು. ‘ನೋವಾಗಲ್ಲ ಅಂತ ಹೇಳು ಅಂದ.’